ಹಾಲೇಶಪ್ಪನವರ ಮಣ್ಣಿನ ಕುಡಿಕೆ

ಬೆಳಿಗ್ಗೆ ಫೋನ್ ಬಂತು. ಕೇಳಿದೆ. ಇಟ್ಟೆ.
ಐದು ನಿಮಿಷ ಬಿಟ್ಟು ಅದೇ ನಂಬರಿಗೆ ನಾನೇ ಮಾಡಿದೆ...
"ಯಾವ ಹಾಲೇಶಪ್ಪ ಅಂದ್ರಿ?"

ನಮ್ಮ ಹಾಲೇಶಪ್ಪನವರೇ...
ಹಾರ್ಟ್ ಅಟ್ಯಾಕ್ ಅಂತೆ. ಆಸ್ಪತ್ರೆ ಮುಟ್ಟೋದ್ರೊಳಗೇ...
ಮೊನ್ನೆ ಭಾನುವಾರ ಅರ್ಧ ಗಂಟೆ ಹರಟಿದ್ವಿ.

ಗೊತ್ತಿಲ್ಲದವರಿಗೆ ಹೇಳ್ತೀನಿ.
ಶಿಕಾರಿಪುರದ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಲೆಕ್ಚರರ್, ಅವರು ಲ್ಯಾಬ್ ಅಟೆಂಡರ್.
ಊರು ಸೊರಬದ ಹೊಸಬಾಳೆ. ಓದಿದ್ದು ಎಸ್ಸೆಸ್ಸೆಲ್ಸಿ.
ನಾವು ಮೂಲೆಗೆ ಎಸೆದ ಮೀಟರುಗಳನ್ನ ರಿಪೇರಿ ಮಾಡಿ, ಮೇಲೆ "ಸರಿ ಇದೆ" ಅಂತ ಚೀಟಿ ಅಂಟಿಸಿ ಇಡೋರು.

ಒಂದಿನ ನನ್ನ ಟೇಬಲ್ ಮೇಲೆ ಮಣ್ಣಿನ ಕುಡಿಕೆಯೊಂದನ್ನ ತಂದಿಟ್ಟರು.
"ಮೇಡಂ, ಇದನ್ನ ಗಿಡದ ಬೇರಿನ ಹತ್ರ ಹೂತಿಟ್ರೆ, ನೀರು ಯಾವಾಗ ಬೇಕು ಅಂತ ಮಣ್ಣೇ ಹೇಳ್ತದೆ."

ಮಣ್ಣು ಒಣಗಿದಾಗ ಕುಡಿಕೆಯೊಳಗಿನ ನೀರನ್ನ ಹೀರುತ್ತೆ.
ಆ ಎಳೆತಕ್ಕೆ ಪೈಪಿನ ವಾಲ್ವ್ ತೆರೆಯುತ್ತೆ. ಮಣ್ಣು ನೆನೆದ ಮೇಲೆ ತಾನೇ ಮುಚ್ಚುತ್ತೆ.
ಕರೆಂಟ್ ಬೇಡ. ಕಾಯೋರು ಬೇಡ.

ಪೇಟೆಂಟ್ ಅರ್ಜಿಯ ಇಂಗ್ಲಿಷ್ ನಾನು ಬರೆದೆ. ಬಾಕಿ ಎಲ್ಲ ಅವರದ್ದು.
ಸರ್ಟಿಫಿಕೇಟ್ ಬಂದ ದಿನ ಸ್ಟಾಫ್ ರೂಮಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ!

ಆಮೇಲೆ ಭಾನುವಾರ ಬಂದ್ರೆ ಸಾಕು, ಕುಡಿಕೆ ಚೀಲಕ್ಕೆ ಹಾಕ್ಕೊಂಡು ಬಸ್ಸು ಹತ್ತೋದು...
"ಕಾಲುವೇಲಿ ನೀರು ಹರೀತಿರೋವಾಗ ಈ ಕುಡಿಕೆ ಯಾಕ್ರೀ ಸರ?" ಅಂತ ಊರೂರಿನ ರೈತರು ನಗೋರು.
ಕಂಪನಿಯವರು ನೋಡಿ, ಕೈಕುಲುಕಿ, ವಾಪಸ್ ಕಳಿಸೋರು.

ಹೀಗೇ ಇಪ್ಪತ್ತು ವರ್ಷ.
ಪೇಟೆಂಟ್ ಅವಧಿ ಮುಗಿದ ದಿನ "ಮೇಡಂ, ಇವತ್ತಿಂದ ಅದು ಎಲ್ಲರದ್ದು" ಅಂದ್ರು.
ಅಂದು, ಪ್ರಾಕ್ಟಿಕಲ್ಸಿಗೆ ಲೆನ್ಸ್ ಒರೆಸೋಕೆ ಕೂತ್ರು.

ಅದಾದ ಮೇಲೆ ತೋಟಕ್ಕೆ ನೀರು ಹಾಯಿಸೋಕೆ ಆಳು ಸಿಗದ ಕಾಲ ಬಂತು ನೋಡಿ...
ಎರಡೇ ವರ್ಷ. ಶಿಕಾರಿಪುರದ ಪೈಪಿನ ಅಂಗಡಿಗಳಲ್ಲೆಲ್ಲ ಅದೇ ಕುಡಿಕೆ, ಅದೇ ವಾಲ್ವ್. ಮೇಲೆ ಬೇರೆ ಯಾರದ್ದೋ ಹೆಸರು.

ಹಾಲೇಶಪ್ಪನವರೇ,
ಅಂಗಡಿಯಲ್ಲಿ ಅದನ್ನ ಕೈಗೆ ತಗೊಂಡು, ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟಿರಿ.
ಏನನ್ನಿಸ್ತು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ...

ಹೋದ ವರ್ಷ ಅಂಬ್ಲಿಗೊಳದ ಹತ್ರ ಗೃಹಪ್ರವೇಶಕ್ಕೆ ಹೋಗಿದ್ವಲ್ಲ.
ವಾಪಸ್ ಬಸ್ಸಿಗೆ ನಡೆದು ಬರೋವಾಗ ದಾರಿ ಬದಿಯ ಮೆಣಸಿನಗಿಡದ ಸಾಲಲ್ಲಿ ನಿಮ್ಮ ಕುಡಿಕೆ ಕಂಡ್ತು.
ನೀವು ನಿಂತೇಬಿಟ್ರಿ.
ಆ ಹೊಲದ ಒಡತಿ ಗಿರಿಜಮ್ಮ ಕುರಿಗೆ ಸೊಪ್ಪು ಹಾಕ್ತಿದ್ರು. "ಏನ್ರೀ ಅಮ್ಮ ಇದು?" ಅಂದ್ರಿ.

"ಇದಾ? ಕುರಿಮರಿಗೆ ಹಸಿವಾದ್ರೆ ತಾನೇ ಮೊಲೆ ಎಳೀತದಲ್ರೀ ಸರ? ಹೊಟ್ಟಿ ತುಂಬಿದ್ರೆ ತಾನೇ ಬಾಯಿ ಬಿಡ್ತದ. ಹಂಗೇ ರೀ ಇದೂ. ಇದು ಬಂದ ಮ್ಯಾಲೆ ನಾ ಆರಾಮಾಗಿ ಕುರಿ ಮೇಸಾಕ ಹೋಗ್ತೀನಿ."

"ಇದನ್ನ ಇವರೇ..." ಅಂತ ನಾನು ಬಾಯಿ ತೆಗೆದೆ. ನೀವು ತಲೆ ಅಲ್ಲಾಡಿಸಿ ತಡೆದ್ರಿ.
ಏನೂ ಗೊತ್ತಿಲ್ಲದವರ ಹಾಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ರಿ.
ಗಿರಿಜಮ್ಮ ಕುಕ್ಕರುಗಾಲಲ್ಲಿ ಕೂತು, ಮಣ್ಣು ಬಿಡಿಸಿ ತೋರಿಸಿ, "ಡೌಟ್ ಬಂದ್ರೆ ಫೋನ್ ಮಾಡ್ರಿ" ಅಂತ ನಂಬರೂ ಕೊಟ್ರು.

ಬಸ್ಸಲ್ಲಿ ಕೇಳಿದೆ. "ಯಾಕೆ ಹೇಳಲಿಲ್ಲ?"
"ಎಷ್ಟು ಚೆಂದ ಹೇಳಿಕೊಟ್ರು ಮೇಡಂ! ನಾವು ಪ್ರೆಶರ್, ಸಕ್ಷನ್ ಅಂತ ಇಪ್ಪತ್ತು ವರ್ಷ ಒದರಿದ್ವಿ. ಆವಾಗ ಹಿಂಗೆ ಹೇಳೋಕೆ ಬಂದಿದ್ರೆ ಜನ ತಗೊಳ್ತಿದ್ರು."
ನಕ್ಕಿರಿ. ಕಣ್ಣು ತುಂಬಿತ್ತು.
ಅದು ನೋವೋ, ಖುಷಿಯೋ... ನನಗೆ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಹೊಸಬಾಳೆಯಲ್ಲಿ ಎಲ್ಲ ಮುಗಿಸಿ ಬರೋವಾಗ ಗಿರಿಜಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.
ಹಿಂದೆ ಕುರಿ ಕೂಗೋದು ಕೇಳ್ತಿತ್ತು.
"ಅಯ್ಯೋ... ನಾ ಅವರಿಗೇ ಪಾಠ ಹೇಳಿದ್ನೇನ್ರೀ?" ಅಂದ್ರು.
ಆಮೇಲೆ ಮೆಲ್ಲಗೆ...
"ಒಂದ್ ಮಾತು ಹೇಳಿದ್ರೆ ಒಂದ್ ತುತ್ತು ಉಣ್ಸಿ ಕಳಸ್ತಿದ್ನಲ್ರೀ..."

ಹೋಗಿ ಬನ್ನಿ ಹಾಲೇಶಪ್ಪನವರೇ.
ಎಲ್ಲಿದ್ದರೂ ನಿಮ್ಮ ಜೀವ ತಣ್ಣಗಿರಲಿ... 🙏