ಹಸಿರು ಪಿಕಪ್ಪಿನ ಹಳೇ ಅಚ್ಚು

ನೆಬ್ರಾಸ್ಕಾದ ಈ ಮೆಕ್ಕೆಜೋಳದ ಹೊಲಗಳ ನಡುವೆ ನನಗಿರುವ ಒಬ್ಬನೇ ನೆರೆಯವನು ಲೂಮಿರ್ ವೋಪಾಟ್. ಹರೆಯದಲ್ಲಿ ಕೊಂಡ ಹಸಿರು ಪಿಕಪ್ಪನ್ನೇ ಮುದುಕನಾಗುವವರೆಗೂ ಓಡಿಸಿದವನು. ಅದರ ಹಿಂದಿನ ಗಾಲಿಗಳ ಅಚ್ಚಿನೊಳಗೆ ಹಲ್ಲುಚಕ್ರಗಳು ಸವೆದು, ಗಾಡಿ ಹೊರಟರೆ ಗುಂಯ್ಯೆಂದು ರಾಗ ಎಳೆಯುತ್ತಿತ್ತು. ಆ ಸದ್ದು ತಿರುವಿನಲ್ಲಿ ಕೇಳಿದ ಮೇಲೆಯೇ ಅವನ ಹೆಂಡತಿ ಆಲ್ಬಿನಾ ಎಲೆಕೋಸಿನ ಸಾರನ್ನು ಒಲೆಗಿಡುತ್ತಿದ್ದಳು.

ಆಲ್ಬಿನಾಗೆ ಮರೆವು ಹಿಡಿಯಿತು. ಮೊದಲು ಉಪ್ಪು ಹಾಕಿದ್ದು ಮರೆತಳು, ಆಮೇಲೆ ನನ್ನನ್ನು, ಕಡೆಗೆ ಲೂಮಿರನ ಮುಖವನ್ನೂ. ದೂರದ ಪಟ್ಟಣದ ಆರೈಕೆ ಮನೆಗೆ ಸೇರಿಸಬೇಕಾಯಿತು. ಪ್ರತಿ ಭಾನುವಾರ ಅವನು ಹೋಗುತ್ತಿದ್ದ. ಆ ಅಚ್ಚು ಭಾರ ಎಳೆಯಲು ಮಾಡಿದ್ದು, ವೇಗಕ್ಕಲ್ಲ. ಹೆದ್ದಾರಿಯಲ್ಲಿ ಎಷ್ಟು ತುಳಿದರೂ ಓಡದು. ಕತ್ತಲಾದರೆ ಅವನಿಗೆ ಕಣ್ಣು ಕಾಣದು. ದಿನವೆಲ್ಲ ದಾರಿಗೇ ಹೋಗಿ, ಅವಳ ಪಕ್ಕ ಕೂರಲು ಒಂದು ಗಳಿಗೆ ಸಿಕ್ಕರೆ ಹೆಚ್ಚು.

“ಬೇರೆ ಗಾಡಿ ತಗೊಳ್ಳೋ ಮಾರಾಯ,” ಎಂದೆ.

“ತಗೊಳ್ತೀನಿ, ನೀನು ಇನ್ನೊಂದು ಮದುವೆ ಆದ ದಿನ.”

ಗುಜರಿಯಿಂದ ಹೆದ್ದಾರಿಗೆ ಒಗ್ಗುವ ಬೇರೊಂದು ಅಚ್ಚು ತಂದ. ವೆಲ್ಡಿಂಗ್ ಯಂತ್ರ ಇದ್ದದ್ದು ತೀರಿಕೊಂಡ ನನ್ನ ಗಂಡನ ಷೆಡ್ಡಿನಲ್ಲಿ, ಹಾಗಾಗಿ ಕೆಲಸ ನಮ್ಮಲ್ಲೇ ನಡೆಯಿತು. ಗಾಡಿಯನ್ನು ಜಾಕ್ ಕೊಟ್ಟು ಎತ್ತಿ ದಿಮ್ಮಿಗಳ ಮೇಲೆ ಕೂರಿಸಿದ. ಗಾಡಿಯ ಭಾರ ಹೊರುವ ಕಮಾನು ಪಟ್ಟಿಗೆ ಅಚ್ಚನ್ನು ಬಿಗಿದಿದ್ದ ಬೋಲ್ಟುಗಳು ತುಕ್ಕು ಹಿಡಿದು ಅಲುಗಲಿಲ್ಲ, ಕೊಯ್ದು ತೆಗೆದ. ಹೊಸದಕ್ಕೆ ಪಟ್ಟಿ ಕೂರುವ ತಟ್ಟೆಗಳನ್ನು ಬೆಸೆಯುವ ಮೊದಲು ನಾನು ನೂಲು ಹಿಡಿದು ಎರಡೂ ಕಡೆ ಅಳೆದೆ.

“ಎಡಗಡೆದು ಒಂದು ಕೂದಲೆಳೆ ಹಿಂದಿದೆ.”

“ಇದು ನಿನ್ನ ಕೌದಿ ಅಲ್ಲ, ಲಿಬ್ಬಿ.”

“ಕೌದಿ ಸೊಟ್ಟ ಆದ್ರೆ ಯಾರೂ ಸಾಯಲ್ಲ. ಸರಿಸು.”

ಗೊಣಗುತ್ತ ಸರಿಸಿದ.

ಭಾನುವಾರ ಗಾಡಿ ಅಂಗಳ ಬಿಟ್ಟದ್ದೇ ನನಗೆ ಗೊತ್ತಾಗಲಿಲ್ಲ, ಅಷ್ಟು ನುಣುಪು. ಆದರೆ ಅವನು ಹೊತ್ತಿಗೆ ಮುಂಚೆಯೇ ಮರಳಿ ಷೆಡ್ಡಿನ ಮುಂದೆ ನಿಲ್ಲಿಸಿದ. ನಾನು ಕಟ್ಟಿಕೊಟ್ಟ ಗಸಗಸೆ ಬನ್ನಿನ ಪೊಟ್ಟಣ ಬಿಚ್ಚದೆ ಸೀಟಿನ ಮೇಲೆಯೇ ಇತ್ತು.

“ಯಾಕೋ, ಇಷ್ಟು ಬೇಗ?”

“ಅವಳು ಕಿಟಕಿಗೆ ಬರ್ಲಿಲ್ಲ.”

ಪ್ರತಿ ಸಲ ಆ ಗುಂಯ್ ಸದ್ದಿಗೆ ಅವಳು ಕಿಟಕಿಗೆ ಬಂದು, “ಲೂಮಿರ್ ಬಂದ, ಸಾರು ಬಿಸಿಗಿಡಿ,” ಎಂದು ದಾದಿಗೆ ಹೇಳುತ್ತಿದ್ದಳಂತೆ. ಆಮೇಲೆ ಒಳಗೆ ಬಂದವನನ್ನು ಲೂಮಿರ್ ಎಂದು ಒಪ್ಪುತ್ತಿದ್ದಳಂತೆ.

“ಇವತ್ತು ಪಕ್ಕದಲ್ಲೇ ಹೋಗಿ ಕೂತೆ. ‘ಯಾರಪ್ಪ ನೀವು? ಆ ಕುರ್ಚಿ ಬಿಡಿ, ಲೂಮಿರ್ ಬರೋ ಹೊತ್ತಾಯ್ತು’ ಅಂದ್ಲು.”

“ಬಿಟ್ಟೆಯಾ?”

“ಬಿಟ್ಟೆ. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.”

ಮರುದಿನ ಬೆಳಿಗ್ಗೆ ನಾನೇ ಜಾಕ್ ಹೊರಗೆ ತಂದಿಟ್ಟೆ. ಹುಲ್ಲಿನಲ್ಲಿ ಬಿದ್ದಿದ್ದ ಹಳೇ ಅಚ್ಚನ್ನು ಇಬ್ಬರೂ ಎಳೆದು ತಂದೆವು. ಕೂರಿಸಿಯಾದ ಮೇಲೆ ಅವನು ಹೊಸ ಎಣ್ಣೆಯ ಡಬ್ಬಿ ಎತ್ತಿಕೊಂಡ.

“ಬೇಡ ಕಣೋ, ಸದ್ದು ಇಳಿದೀತು,” ಎಂದೆ. ಹಳೇ ಅಚ್ಚಿನಿಂದ ಬಸಿದಿಟ್ಟಿದ್ದ ಕಪ್ಪು ಎಣ್ಣೆಯನ್ನೇ ಅದಕ್ಕೆ ವಾಪಸು ಸುರಿದ.

ಮುಂದಿನ ಭಾನುವಾರ, ಕತ್ತಲಾಗುವ ಹೊತ್ತಿಗೆ, ಗುಂಯ್ಯೆನ್ನುತ್ತ ಬಂದು ನಿಲ್ಲಿಸಿದ.

“ಬಂದ್ಲಾ ಕಿಟಕಿಗೆ?”

“ಬಂದ್ಲು. ‘ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ’ ಅಂತ ಬೈದ್ಲು.”

“ಎಷ್ಟು ಹೊತ್ತು ಕೂತಿದ್ದೆ?”

“ಕುರ್ಚಿ ಬೆಚ್ಚಗಾಗೋಷ್ಟು.”

ನಕ್ಕು ಗಾಡಿ ತಿರುಗಿಸಿದ. ಸದ್ದು ಹೊಲ ದಾಟಿ ಅವನ ಮನೆಯ ಮುಂದೆ ಅಡಗುವವರೆಗೂ ನಾನು ಅಂಗಳದಲ್ಲಿ ನಿಂತಿದ್ದೆ. ಅದನ್ನು ಕೇಳಿ ಒಲೆ ಹಚ್ಚುವವರು ಅಲ್ಲಿ ಯಾರೂ ಇರಲಿಲ್ಲ.