ವಿಮಲಸೇನರ ಸಂಜೆಯ ಬೆಳಕು

ಯಾಲ ಕಾಡಿನ ನೀರುಗುಂಡಿಯ ಬಳಿ ಜೀಪು ನಿಂತಿತೆಂದರೆ ನಮ್ಮ ಛಾಯಾಗ್ರಾಹಕ ವಿಮಲಸೇನರ ಆಡಳಿತ ಆರಂಭವಾಗುತ್ತಿತ್ತು: ಸೊಳ್ಳೆ ಕಚ್ಚಿದರೂ ಹೊಡೆಯಕೂಡದು, ಚಹದ ಜೊತೆಗಿನ ಬೆಲ್ಲವನ್ನು ಕಟಕ್ಕೆಂದು ಕಡಿಯಕೂಡದು, ಚೀಪಬೇಕು. “ಆರಕ್ಕೆ ಗೇಟು ಹಾಕ್ತಾರೆ ಅಣ್ಣ. ಚಿರತೆಗೇನು, ಅದು ಇಲ್ಲೇ ಮಲಗುತ್ತೆ,” ಎಂದು ಚಾಲಕ ನಂದಸಿರಿ ಗೊಣಗಿದರೆ, “ಬಾಯ್ಮುಚ್ಚೋ, ಒಳ್ಳೆ ಬೆಳಕು ಈಗ ತಾನೇ ಬರ್ತಿದೆ,” ಎನ್ನುವರು. ಈಚೆಗೆ ಕಣ್ಣು ಮಂಜಾಗಿ ಆ ಬೆಳಕಿನಲ್ಲಿ ಅವರಿಗೇನೂ ಕಾಣುತ್ತಿಲ್ಲವೆಂದು ಜೀಪಿನಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಹೇಳಿದರೆ ಮನೆಯವರು ಕಾಡಿಗೆ ಕಳಿಸುವುದಿಲ್ಲವೆಂದು ಅವರು ಬಾಯಿ ಬಿಟ್ಟಿರಲಿಲ್ಲ. ಒಂದು ಸಂಜೆ ಚಿರತೆ ಬಂದು ನೀರಿಗೆ ಬಾಯಿಟ್ಟಾಗ ಅವರ ಕ್ಯಾಮೆರಾ ಬರಿಯ ಬಂಡೆಯ ಕಡೆಗಿತ್ತು. ನಂದಸಿರಿ ಬೆರಳಿನಿಂದ ಅದನ್ನು ಎಡಕ್ಕೆ ಸರಿಸಿದ. ಅವರು ಕ್ಲಿಕ್ಕಿಸಿದರು. “ಎಷ್ಟು ಹತ್ತಿರ ಬಂದಿತ್ತು, ನೋಡಿದ್ಯೇನೋ?” ಎಂದರು. “ನೀವು ನೋಡಿದ್ಮೇಲೇ ನಾನು ನೋಡಿದ್ದು ಅಣ್ಣ,” ಎಂದನು ನಂದಸಿರಿ.