ಪರದೆಯ ಮೇಲಿನ ‘ಆಯ್ತು’

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಡೆದದ್ದು. ಟೆಲಿಫೋನ್ ಕಚೇರಿಯಿಂದ ನಿವೃತ್ತನಾದ ಮೇಲೆ ಶಿಕಾರಿಪುರದಲ್ಲಿ ಹಳೆಯ ಸೋಬಾನೆ ಪದಗಳನ್ನು ಸಂಗ್ರಹಿಸುತ್ತಿದ್ದೇನೆ. ಸೊರಬದ ನಿವೃತ್ತ ಶಿಕ್ಷಕಿ ಸರೋಜಮ್ಮ ಊರೂರು ತಿರುಗಿ ಹಾಡು ರೆಕಾರ್ಡ್ ಮಾಡುತ್ತಾರೆ. ದಿನಾ ಸಂಜೆ ಐದಕ್ಕೆ ಅವರು ರೆಕಾರ್ಡರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಶೆಲ್ ಸ್ಕ್ರಿಪ್ಟ್ ಓಡಿಸಬೇಕು. ಅದು ಸಾಲಾಗಿ ಬರೆದಿಟ್ಟ ಆರು ಆಜ್ಞೆ: ಹಾಡುಗಳನ್ನು ಪಕ್ಕದಲ್ಲಿ ವೈರಿನಿಂದ ಸಿಕ್ಕಿಸಿದ ಡಿಸ್ಕಿಗೆ ನಕಲು ಮಾಡಿ, ರೆಕಾರ್ಡರ್ ಖಾಲಿ ಮಾಡಿ, ಕೊನೆಗೆ ಪರದೆಯ ಮೇಲೆ ‘ಆಯ್ತು’ ಎಂದು ತೋರಿಸುತ್ತದೆ. ಐದೂಕಾಲಿಗೆ ಅವರಿಗೆ ನನ್ನ ಫೋನ್ ಹೋಗುತ್ತದೆ.

ಜಡೆ ಊರಿನ ಗಂಗಮ್ಮಜ್ಜಿಗೆ ತೊಂಬತ್ತರ ಹತ್ತಿರ. ಆಕೆಯ ಹಾಡುಗಳು ಬೇರೆ ಯಾರಿಗೂ ಬರುವುದಿಲ್ಲ. ಆಕೆ ಹಾಡಿದ ದಿನವೂ ಫೋನಿನಲ್ಲಿ ಸರೋಜಮ್ಮನವರನ್ನು ಕೇಳಿದೆ, “ಆಯ್ತಾ?”

“ಆಯ್ತು ರೀ.”

ವಾರದ ಮೇಲೆ ಡಿಸ್ಕ್ ನನ್ನ ಕೈಗೆ ಬಂತು. ಅಜ್ಜಿಯ ಹನ್ನೊಂದು ಹಾಡುಗಳಲ್ಲಿ ಒಂದೂ ಇರಲಿಲ್ಲ.

ನಮ್ಮಲ್ಲಿ ‘ಆಯ್ತು’ ಅಂದರೆ ಕೆಲಸ ಮುಗಿಯಿತು ಅಂತಲೂ ಹೌದು, ‘ಕೇಳಿಸ್ತು, ನೋಡೋಣ’ ಅಂತಲೂ ಹೌದು. ಸರೋಜಮ್ಮ ದಿನಾ ಹೇಳುತ್ತಿದ್ದದ್ದು ಯಾವುದು? ಹಾಡುಗಳನ್ನು ಬೇರೆ ಯಾರಿಗಾದರೂ ದಾಟಿಸಿದರೇ? ಮರುದಿನ ಡಿಸ್ಕ್ ಹಿಡಿದು, ತಿಳಿಸದೆ ಸೊರಬದ ಬಸ್ಸು ಹತ್ತಿದೆ.

“ಏನ್ರೀ ರಾಯರೇ, ತನಿಖೆಗೆ ಬಂದ್ರಾ?” ಸರೋಜಮ್ಮ ನಕ್ಕರು.

ನಾನು ನಗಲಿಲ್ಲ. “ಅವತ್ತು ಮಾಡಿದ ಹಾಗೇ ಮಾಡಿ ತೋರಿಸಿ.”

ಅವರು ರೆಕಾರ್ಡರಿಗೆ ನಾಲ್ಕು ಮಾತಾಡಿ, ಸಿಕ್ಕಿಸಿ, ಸ್ಕ್ರಿಪ್ಟ್ ಓಡಿಸಿದರು. ಇಂಗ್ಲಿಷಿನ ಒಂದು ಸಾಲು ಮಿಂಚಿ ಹೋಯಿತು. ಕೆಳಗೆ ‘ಆಯ್ತು’. ಡಿಸ್ಕ್ ನೋಡಿದೆ, ಏನೂ ಬಂದಿಲ್ಲ. ರೆಕಾರ್ಡರ್ ನೋಡಿದೆ, ಖಾಲಿ.

ಡಿಸ್ಕಿನ ಹಳೇ ವೈರು ಸಡಿಲವಾಗಿತ್ತು. ನಕಲು ಆಗಿರಲೇ ಇಲ್ಲ, ಆದರೂ ಮುಂದಿನ ಆಜ್ಞೆ ತನ್ನ ಪಾಡಿಗೆ ಎಲ್ಲ ಅಳಿಸಿತ್ತು. ಹಿಂದಿನದು ಸೋತರೆ ಅಲ್ಲೇ ನಿಲ್ಲು ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ.

“ಇದನ್ನ ಬರೆದೋರು ಯಾರು ರೀ?” ಎಂದರು ಸರೋಜಮ್ಮ.

ಬರೆದವನು ನಾನೇ.

ಅವತ್ತೇ ಇಬ್ಬರೂ ಜಡೆಗೆ ಹೋದೆವು. “ನಿಮ್ಮ ಡಬ್ಬಿಗೆ ಕಿವುಡೇನೋ?” ಎಂದು ಬೈದು, ಅಜ್ಜಿ ಮತ್ತೆ ಒಂಬತ್ತು ಹಾಡಿದರು. ಉಳಿದೆರಡಕ್ಕೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. “ಬಾಯಿಗೆ ಬರ್ತಾ ಇಲ್ಲ ಕಣಪ್ಪ.”

ಈಗ ಪ್ರತಿ ಆಜ್ಞೆಯೂ ಹಿಂದಿನದು ಗೆದ್ದಿತೇ ಎಂದು ವಿಚಾರಿಸಿಯೇ ಹೊರಡುತ್ತದೆ. ನಕಲನ್ನು ಮೂಲಕ್ಕೆ ಹೋಲಿಸದೆ ಏನನ್ನೂ ಅಳಿಸುವುದಿಲ್ಲ. ಸರೋಜಮ್ಮನವರ ಕ್ಷಮೆ ಕೇಳಿದ್ದೇನೆ. ಆ ಎರಡು ಹಾಡು ಇವತ್ತಿಗೂ ಸಿಕ್ಕಿಲ್ಲ. ಒಬ್ಬ ಹೆಣ್ಣುಮಗಳ ಮೇಲೆ ಅಷ್ಟು ಅನುಮಾನ ಪಟ್ಟವನು, ನಾನೇ ಬರೆದ ಆರು ಸಾಲಿನ ಮೇಲೆ ಒಂದು ದಿನವೂ ಪಡಲಿಲ್ಲವಲ್ಲ!